ಹಿತ್ತಿಲಿನ ಬಾಯ್ಲರಿನಿಂದ ಮನೆಯವರೆಗೆ: ಶಾಖ ನಷ್ಟ ತಗ್ಗಿಸಿದ ನನ್ನ ಅನುಭವ

ಅಮೆರಿಕದ ವರ್ಮಾಂಟ್ ರಾಜ್ಯದ ಶಾಂಪ್ಲೇನ್ ಕಣಿವೆಯಲ್ಲಿ ನಾವು ಕೊಂಡ ಹಳೆಯ ಮನೆಯನ್ನು ಬೆಚ್ಚಗಿಡುವುದು ಹಿತ್ತಿಲಿನಲ್ಲಿ, ಸುಮಾರು 40 ಮೀಟರ್ ಆಚೆಯ ಶೆಡ್ಡಿನಲ್ಲಿರುವ ಪೆಲೆಟ್ ಬಾಯ್ಲರ್. ಮರದ ಹುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳಿಗೆ ಪೆಲೆಟ್ ಎನ್ನುತ್ತಾರೆ. ತಿರುಪಿನಂಥ ಒಂದು ಯಂತ್ರಭಾಗ ಅವನ್ನು ತಾನಾಗಿಯೇ ಒಲೆಗೆ ತಳ್ಳುತ್ತಿರುತ್ತದೆ. ಅಲ್ಲಿ ಕಾದ ನೀರು ನೆಲದಡಿ ಹೂತ ಜೋಡಿ ಪೈಪುಗಳಲ್ಲಿ ಒಂದರ ಮೂಲಕ ಮನೆಗೆ ಬಂದು, ಕೋಣೆಗಳ ರೇಡಿಯೇಟರುಗಳಲ್ಲಿ ಶಾಖ ಬಿಟ್ಟು, ಇನ್ನೊಂದರ ಮೂಲಕ ಶೆಡ್ಡಿಗೆ ಮರಳುತ್ತದೆ. ತೋಟದ ಆಚೆ ಹಂಡೆ ಕಾಯಿಸಿ, ಅಲ್ಲಿಂದ ಬಚ್ಚಲಿಗೆ ಬಿಸಿನೀರು ಹೊತ್ತು ತಂದಂತೆ ಇದು. ದಾರಿಯಲ್ಲಿ ಎಷ್ಟು ಆರಿತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಈ ವ್ಯವಸ್ಥೆಯನ್ನು ಕಟ್ಟಿಸಿದವರು ಮನೆಯ ಹಿಂದಿನ ಮಾಲೀಕರು. ಚಳಿಗಾಲದಲ್ಲಿ ಪೆಲೆಟ್ ಖರ್ಚಾಗುತ್ತಿದ್ದ ಪ್ರಮಾಣಕ್ಕೂ ಮನೆಯ ಅಳತೆಗೂ ತಾಳೆಯಾಗದಿದ್ದುದರಿಂದ ನಾನು ಇದರ ಹಿಂದೆ ಬಿದ್ದೆ.

ಮೊದಲು ಕಣ್ಣಿಗೆ ಬಿದ್ದದ್ದು ಹಿಮ. ಹಿತ್ತಿಲೆಲ್ಲ ಮೊಣಕಾಲುದ್ದ ಹಿಮ ಕೂತಿದ್ದರೂ ಶೆಡ್ಡಿನಿಂದ ಮನೆಯ ಗೋಡೆಯವರೆಗೆ ಎರಡು ಅಡಿ ಅಗಲದ ಒಂದು ಪಟ್ಟೆಯಲ್ಲಿ ಅದು ತೆಳ್ಳಗಾಗಿ, ಕೆಲವೆಡೆ ಹಸಿರು ಹುಲ್ಲು ಕಾಣುತ್ತಿತ್ತು. ಪೈಪು ಹೋದ ದಾರಿ ಅದೇ. ಆದರೆ ಹುಲ್ಲು ಕಂಡ ಮಾತ್ರಕ್ಕೆ ಎಷ್ಟು ಕಿಲೋವ್ಯಾಟ್ ಮಣ್ಣುಪಾಲಾಗುತ್ತಿದೆ ಎಂದು ತಿಳಿಯುವುದಿಲ್ಲ. ಅಳೆಯದೆ ಏನನ್ನೂ ಕೊಳ್ಳಬಾರದೆಂದು ನಿಶ್ಚಯಿಸಿದೆ.

ಅಳತೆಗೆ ಬೇಕಾದದ್ದು ನಾಲ್ಕು ಉಷ್ಣಾಂಶ ಸಂವೇದಕಗಳು ಮತ್ತು ನೀರಿನ ಹರಿವಿನ ಒಂದು ಮೀಟರ್ ಮಾತ್ರ. ಬಾಯ್ಲರಿನಿಂದ ನೀರು ಹೊರಡುವಲ್ಲಿ, ಮನೆಗೆ ಸೇರುವಲ್ಲಿ, ಮನೆಯಿಂದ ಮರಳುವಲ್ಲಿ ಮತ್ತು ಬಾಯ್ಲರಿಗೆ ಮತ್ತೆ ಸೇರುವಲ್ಲಿ ಒಂದೊಂದನ್ನು ಕಟ್ಟಿದೆ. ಪ್ಲಾಸ್ಟಿಕ್ ಪೈಪಿನ ಮೇಲ್ಮೈ ಒಳಗಿನ ನೀರಿಗಿಂತ ತಣ್ಣಗಿರುತ್ತದೆಯಾದ್ದರಿಂದ ಸಂವೇದಕಗಳನ್ನು ಹಿತ್ತಾಳೆಯ ಜೋಡಣೆಗಳ ಮೇಲೇ ಬಿಗಿದು, ಹೊರಗಿನ ಗಾಳಿ ತಾಗದಂತೆ ಮೇಲೆ ದಪ್ಪ ಹೊದಿಕೆ ಸುತ್ತಬೇಕು. ದೂರದಿಂದ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಈ ಕೆಲಸಕ್ಕೆ ನಂಬುವಂತಿಲ್ಲ. ಹೊಳೆಯುವ ತಾಮ್ರ, ಹಿತ್ತಾಳೆಗಳ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಇನ್ನೂ ಒಂದು ಎಚ್ಚರಿಕೆ ಬೇಕು. ಸಾಮಾನ್ಯವಾಗಿ ಸಿಗುವ ಡಿಎಸ್18ಬಿ20 ಸಂವೇದಕ ಅರ್ಧ ಡಿಗ್ರಿಯಷ್ಟು ಆಚೀಚೆ ತೋರಿಸಬಹುದು, ನಾವು ಹುಡುಕುತ್ತಿರುವ ವ್ಯತ್ಯಾಸವೋ ಒಂದು ಡಿಗ್ರಿಯ ಆಸುಪಾಸಿನದು. ಆದ್ದರಿಂದ ನಾಲ್ಕನ್ನೂ ಒಟ್ಟಿಗೆ ಕಟ್ಟಿ ಬಿಸಿನೀರಿನ ಫ್ಲಾಸ್ಕಿನಲ್ಲಿ ಮುಳುಗಿಸಿ, ಯಾವುದು ಎಷ್ಟು ಹೆಚ್ಚುಕಡಿಮೆ ಹೇಳುತ್ತದೆಂದು ಬರೆದುಕೊಂಡು, ಮುಂದಿನ ಎಲ್ಲ ಲೆಕ್ಕದಲ್ಲೂ ಅಷ್ಟನ್ನು ಸರಿದೂಗಿಸಿದೆ.

ಲೆಕ್ಕ ಸರಳ: ನಿಮಿಷಕ್ಕೆ ಹರಿಯುವ ನೀರಿನ ಲೀಟರನ್ನು ಉಷ್ಣಾಂಶದ ಇಳಿಕೆಯಿಂದ ಗುಣಿಸಿ, ಮತ್ತೆ 0.07ರಿಂದ ಗುಣಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ನಮ್ಮ ಹರಿವು ನಿಮಿಷಕ್ಕೆ 30 ಲೀಟರ್. ಜನವರಿಯ ಕಡುಚಳಿಯಲ್ಲಿ ಹೋಗುವ ಮತ್ತು ಬರುವ ಪೈಪುಗಳ ಇಳಿಕೆ ಒಟ್ಟು 1.2 ಡಿಗ್ರಿ ಇತ್ತು. ಅಂದರೆ ಸುಮಾರು 2.5 ಕಿಲೋವ್ಯಾಟ್, ದಿನಕ್ಕೆ 60 ಯೂನಿಟ್. ಒಂದು ಕಿಲೋ ಪೆಲೆಟ್ಟಿನಲ್ಲಿ ಸುಮಾರು 4.8 ಯೂನಿಟ್ ಶಾಖವಿದ್ದು, ಬಾಯ್ಲರ್ ಅದರಲ್ಲಿ ಶೇಕಡ 80ರಷ್ಟನ್ನು ನೀರಿಗೆ ದಾಟಿಸುತ್ತದೆಂದು ಹಿಡಿದರೆ, 18 ಕಿಲೋ ತೂಗುವ ಒಂದು ಚೀಲದ ಬಹುಪಾಲು ದಿನದಿನವೂ ಮಣ್ಣನ್ನು ಕಾಯಿಸಲು ಹೋಗುತ್ತಿತ್ತು.

ಆದರೆ ಕಾರಣ ಬಿಚ್ಚಿಕೊಂಡದ್ದು ಏಪ್ರಿಲಿನಲ್ಲಿ. ಹೊರಗೆ ಬೆಚ್ಚಗಾಗುತ್ತಾ ಬಂದಂತೆ ನಷ್ಟ ಇಳಿಯಬೇಕಿತ್ತು. ಅದು 4 ಕಿಲೋವ್ಯಾಟಿಗೆ ಏರಿತು. ಹಿಮ ಕರಗಿ ಊರೆಲ್ಲ ಕೆಸರಾಗುವ ಆ ವಾರಗಳಲ್ಲಿ ಈ ಕಣಿವೆಯ ಜೇಡಿಮಣ್ಣು ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಪೈಪಿನ ಸುತ್ತಲಿನ ಹೊದಿಕೆಯೊಳಗೆ ನೀರು ನುಗ್ಗಿದೆ ಎಂಬುದರ ಹೊರತು ಈ ಏರಿಕೆಗೆ ಬೇರೆ ವಿವರಣೆ ಇರಲಿಲ್ಲ. ಇಂಥ ಹೊದಿಕೆಗೆ ಬಳಸುವ ಒಳ್ಳೆಯ ಪಾಲಿಯುರೆಥೇನ್ ಫೋಮಿನ ಉಷ್ಣವಾಹಕತೆ (ಶಾಖ ದಾಟಿಸುವ ಗುಣ) 0.025ರ ಆಸುಪಾಸಿನಲ್ಲಿದ್ದರೆ ನೀರಿನದು 0.6, ಇಪ್ಪತ್ತು ಪಟ್ಟಿಗೂ ಮಿಗಿಲು. ಒದ್ದೆಯಾದ ಹೊದಿಕೆ ಇದ್ದರೂ ಇಲ್ಲದಂತೆಯೇ.

ಬೇಸಿಗೆಯಲ್ಲಿ ಮನೆಯ ಗೋಡೆಯ ಬಳಿ ಗುಂಡಿ ತೋಡಿ ಹಳೆಯ ಪೈಪನ್ನು ನೋಡಿದೆ. ಹೊರಗೆ ಏಣುಏಣಾದ ಕರಿ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಬೆಳ್ಳಿ ಬಣ್ಣದ ಗುಳ್ಳೆಹಾಳೆ ಸುತ್ತಿದ, ಪೆಕ್ಸ್ ಎಂಬ ಬಿಸಿನೀರು ತಾಳುವ ಪ್ಲಾಸ್ಟಿಕ್ಕಿನ ಎರಡು ಪೈಪುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಗರಗಸದಿಂದ ಹೊರಕೊಳವೆಯನ್ನು ಸೀಳಿದಾಗ ಮಾಸಲು ನೀರು ಬಹಳ ಹೊತ್ತು ಸುರಿಯಿತು. ಬೆಳ್ಳಿ ಪದರ ಬೆರಳು ತಾಗಿಸಿದರೆ ಕಿತ್ತು ಬರುತ್ತಿತ್ತು. ಗುಳ್ಳೆಗಳು ಚಪ್ಪಟೆಯಾಗಿ ಹಾಳೆಯೇ ಕಾಗದದಷ್ಟು ತೆಳುವಾಗಿತ್ತು. ಹೋಗುವ ಬಿಸಿನೀರಿನ ಪೈಪು ಮರಳುವ ಪೈಪಿಗೆ ತಾಗಿಕೊಂಡೇ ಇದ್ದುದರಿಂದ ಮನೆಗೆ ಬರಬೇಕಾದ ಶಾಖದ ಒಂದು ಪಾಲು ನಡುದಾರಿಯಲ್ಲೇ ಹಿಂದಕ್ಕೆ ದಾಟುತ್ತಿತ್ತು ಕೂಡ. ಇಂಥದ್ದನ್ನು ದುರಸ್ತಿ ಮಾಡುವ ಬಗೆ ನನಗೆ ಕಾಣಲಿಲ್ಲ.

ಹೊಸ ಪೈಪಿಗೆ ನಾನು ಹುಡುಕಿದ ಗುಣಗಳು ಮೂರು: ಫೋಮ್ ಪೈಪಿಗೂ ಹೊರಕವಚಕ್ಕೂ ಅಂಟಿಕೊಂಡಂತೆ ಕಾರ್ಖಾನೆಯಲ್ಲೇ ತುಂಬಿರಬೇಕು, ಎರಡು ಪೈಪುಗಳ ನಡುವೆಯೂ ಫೋಮ್ ಇರಬೇಕು, ಮತ್ತು ಪೆಕ್ಸಿಗೆ ಆಮ್ಲಜನಕ ತಡೆಯುವ ಪದರ ಇರಬೇಕು. ಕೊನೆಯದಿಲ್ಲದಿದ್ದರೆ ಮುಚ್ಚಿದ ವ್ಯವಸ್ಥೆಯೊಳಗೆ ಆಮ್ಲಜನಕ ಸೇರಿ ಬಾಯ್ಲರಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಇದು ದುಬಾರಿ ಸರಕು. ಇಡೀ ಕೆಲಸದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಇದರದೇ. ಆದರೂ ಹಣ ಉಳಿಸಲು ಜಾಗ ಇದಲ್ಲವೆಂದು ನಾನು ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ಒಮ್ಮೆ ಮುಚ್ಚಿದ ಕಂದಕವನ್ನು ಮತ್ತೆ ತೋಡಿಸುವ ಖರ್ಚಿನ ಮುಂದೆ ಆ ವ್ಯತ್ಯಾಸ ಸಣ್ಣದು.

ಅಗೆಯುವ ಮುನ್ನ, ನೆಲದಡಿಯ ತಂತಿ-ಕೊಳವೆಗಳ ಜಾಗ ಗುರುತಿಸಿಕೊಡುವ ಸೇವೆಯ ದೂರವಾಣಿ ಸಂಖ್ಯೆ 811ಕ್ಕೆ ಕರೆ ಮಾಡುವುದು ಇಲ್ಲಿ ಕಡ್ಡಾಯ. ಬಂದವರು ವಿದ್ಯುತ್ತಿಗೆ ಕೆಂಪು, ಅನಿಲಕ್ಕೆ ಹಳದಿ, ಕುಡಿಯುವ ನೀರಿಗೆ ನೀಲಿ ಗುರುತು ಹಾಕಿ ಹೋಗುತ್ತಾರೆ. ಹಳೆಯ ದಾರಿ ಬಿಟ್ಟು ಪಕ್ಕದಲ್ಲಿ ಸುಮಾರು 1.2 ಮೀಟರ್ ಆಳಕ್ಕೆ ಹೊಸ ಕಂದಕ ತೋಡಿಸಿದೆ. ತಳದಲ್ಲಿ ಜಲ್ಲಿಯ ನಡುವೆ ತೂತುಗಳಿರುವ ಬಸಿಪೈಪನ್ನು ಹಿತ್ತಿಲಿನ ತಗ್ಗಿನ ಕಡೆಗೆ ಇಳಿಜಾರಾಗಿ ಹಾಕಿಸಿ, ಮೇಲೆ ಮರಳು ಹರಡಿ, ಅದರ ಮೇಲೆ ಪೈಪನ್ನು ಮಲಗಿಸಲಾಯಿತು. ನೆಲದಡಿ ಒಂದೂ ಜೋಡಣೆ ಬರದಂತೆ ಒಂದೇ ಉದ್ದದ ಪೈಪು ತರಿಸಿದ್ದೆ. ಎರಡೂ ತುದಿಗಳಲ್ಲಿ ಫೋಮಿನ ಬಾಯಿ ಮುಚ್ಚುವ ರಬ್ಬರ್ ಟೋಪಿಗಳನ್ನು ಜೋಡಣೆ ಕೂಡಿಸುವ ಮೊದಲೇ ಪೈಪಿಗೆ ಏರಿಸಬೇಕು, ಆಮೇಲೆ ಅವು ಏರುವುದಿಲ್ಲ. ನೀರು ಫೋಮಿನೊಳಗೆ ಇಳಿಯಬಹುದಾದ ಬಾಗಿಲುಗಳು ಆ ಎರಡೇ. ಒತ್ತಡ ಹಾಕಿ ರಾತ್ರಿಯಿಡೀ ಬಿಟ್ಟು, ಒತ್ತಡಮಾಪಕದ ಮುಳ್ಳು ಕದಲಿಲ್ಲವೆಂದು ನೋಡಿದ ಮೇಲಷ್ಟೇ ಮಣ್ಣು ಮುಚ್ಚಿಸಿದೆ.

ಹೊಸ ಪೈಪಿನಲ್ಲಿ ಹಳೆಯ ಹರಿವಿಗೆ ಇಳಿಕೆ ಎಷ್ಟು ಕಡಿಮೆಯೆಂದರೆ ಸಂವೇದಕಗಳಿಗೆ ಅದು ನೆಟ್ಟಗೆ ಸಿಗಲಿಲ್ಲ. ಪಂಪನ್ನು ನಿಧಾನಗೊಳಿಸಿ ಹರಿವನ್ನು 10 ಲೀಟರಿಗೆ ಇಳಿಸಿದಾಗ ನೀರು ಪೈಪಿನಲ್ಲಿ ಹೆಚ್ಚು ಹೊತ್ತು ಇರುವುದರಿಂದ ಇಳಿಕೆ ಸ್ಪಷ್ಟವಾಗಿ ಕಂಡಿತು: ಒಂದು ಡಿಗ್ರಿಗೆ ತುಸು ಕಡಿಮೆ, ಅಂದರೆ ಸುಮಾರು 0.6 ಕಿಲೋವ್ಯಾಟ್. ಫೋಮಿನ ದಪ್ಪ ಹಿಡಿದು ಮೊದಲೇ ಕಾಗದದ ಮೇಲೆ ಹಾಕಿದ್ದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತಿತ್ತು. ಮುಂದಿನ ಏಪ್ರಿಲಿನ ಕೆಸರಿನಲ್ಲಿ ಆ ಅಂಕಿ ಮೇಲೇರಲಿಲ್ಲ.

ಪೈಪಿನ ಬಳಿಕ ಉಳಿದದ್ದು ಬಿಸಿನೀರು ಅದರಲ್ಲಿ ಎಷ್ಟು ಹೊತ್ತು, ಎಷ್ಟು ಬಿಸಿಯಾಗಿ ಇರುತ್ತದೆ ಎಂಬ ವಿಚಾರ. ಮೊದಲು ಪಂಪು ಹಗಲಿರುಳೂ ತಿರುಗುತ್ತಿತ್ತು, ಬಾಯ್ಲರ್ ಪದೇಪದೇ ಹೊತ್ತಿ ಆರುತ್ತಿತ್ತು. ನೆಲಮಾಳಿಗೆಯಲ್ಲಿ 450 ಲೀಟರಿನ ಒಂದು ಶೇಖರಣಾ ಟ್ಯಾಂಕ್ ಕೂಡಿಸಿದೆ. ಅದನ್ನು ಶೆಡ್ಡಿನಲ್ಲಿಡಿ ಎಂದವರಿದ್ದರು. ನೆಲಮಾಳಿಗೆಯಲ್ಲಿದ್ದರೆ ಟ್ಯಾಂಕಿನಿಂದ ಸೋರುವ ಶಾಖವೂ ಮನೆಗೇ ದಕ್ಕುತ್ತದೆ ಎಂಬುದು ನನ್ನ ವಾದವಾಗಿತ್ತು. ಈಗ ಬಾಯ್ಲರ್ ಒಂದೇ ಬಾರಿಗೆ ದೀರ್ಘಕಾಲ ಉರಿದು ಟ್ಯಾಂಕನ್ನು 60ರಿಂದ 80 ಡಿಗ್ರಿಗೆ ಏರಿಸಿ ನಿಲ್ಲುತ್ತದೆ, ಹೊರಗಿನ ಪಂಪೂ ನಿಲ್ಲುತ್ತದೆ. ಹೀಗೆ ನಿಂತಾಗಲೆಲ್ಲ ಪೈಪುಗಳಲ್ಲಿ ಉಳಿದ ಸುಮಾರು 30 ಲೀಟರ್ ಬಿಸಿನೀರು ಆರುತ್ತದೆಯಾದ್ದರಿಂದ ಹೊತ್ತುವ ಸರದಿಗಳು ಕಡಿಮೆಯಿದ್ದಷ್ಟೂ ಲಾಭ. ಟ್ಯಾಂಕಿನಿಂದ ರೇಡಿಯೇಟರುಗಳಿಗೆ ಹೋಗುವ ನೀರಿನ ಬಿಸಿಯನ್ನು ಹೊರಗಿನ ಚಳಿಗೆ ತಕ್ಕಂತೆ ಒಂದು ನಿಯಂತ್ರಕ ಏರಿಳಿಸುತ್ತದೆ. ಬಾಯ್ಲರಿಗೆ ಮರಳುವ ನೀರನ್ನು ಮಾತ್ರ ತಣ್ಣಗಾಗಲು ಬಿಡಬಾರದು. ಅದು 55 ಡಿಗ್ರಿಗಿಂತ ಕೆಳಗಿಳಿದರೆ ಹೊಗೆಯ ತೇವಾಂಶ ಒಳಗೋಡೆಯ ಮೇಲೆ ಬೆವರಿ ಲೋಹವನ್ನು ತಿನ್ನುತ್ತದೆ. ಇದನ್ನು ತಡೆಯುವ ಮಿಶ್ರಣ ಕವಾಟ ಶೆಡ್ಡಿನಲ್ಲಿದೆ.

ಶೆಡ್ಡಿನ ಕೆಲಸ ಚಿಕ್ಕದು. ತೆರೆದಿದ್ದ ಪೈಪು, ಕವಾಟಗಳಿಗೆ ಖನಿಜ ಉಣ್ಣೆ ಸುತ್ತಿ, ಹೊಗೆಕೊಳವೆಯ ಸುತ್ತ ತಯಾರಕರು ಹೇಳಿದಷ್ಟು ಜಾಗ ಖಾಲಿ ಬಿಟ್ಟು, ಬಾಗಿಲಿನ ಸಂದುಗಳನ್ನು ಮುಚ್ಚಿದೆ. ಉರಿಗೆ ಗಾಳಿ ಒದಗಿಸುವ ಕಿಂಡಿಯನ್ನು ಮುಚ್ಚಬಾರದು. ಹೊಗೆಕೊಳವೆಯ ಮೇಲೆ ಒಂದು ಥರ್ಮಾಮೀಟರ್ ಇದೆ. ಅಲ್ಲಿನ ಉಷ್ಣಾಂಶ ವಾರದಿಂದ ವಾರಕ್ಕೆ ಏರುತ್ತಾ ಹೋದರೆ ಒಳಗೆ ಮಸಿ ಕಟ್ಟಿದೆ, ನೀರಿಗೆ ಸೇರಬೇಕಾದ ಶಾಖ ಹೊಗೆಯೊಡನೆ ಹೋಗುತ್ತಿದೆ ಎಂದರ್ಥ, ಅಂದೇ ಬ್ರಷ್ ಹಿಡಿಯುತ್ತೇನೆ.

ಒಂದು ಚಳಿಗಾಲವನ್ನು ಇನ್ನೊಂದರೊಡನೆ ನೇರವಾಗಿ ಹೋಲಿಸುವುದು ನ್ಯಾಯವಲ್ಲ. ಆದ್ದರಿಂದ ಹವಾಮಾನ ಇಲಾಖೆಯ ಡಿಗ್ರಿ-ದಿನಗಳ (ದಿನದಿನದ ಚಳಿ ಎಷ್ಟಿತ್ತೆಂದು ಕೂಡಿಸಿದ ಮೊತ್ತದ) ಲೆಕ್ಕದಿಂದ ಚಳಿಯ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದೆ. ಹಿಂದೆ ಸುಮಾರು 9 ಟನ್ ಪೆಲೆಟ್ ಬೇಕಾಗುತ್ತಿದ್ದ ಚಳಿಗೆ ಈಗ 6 ಟನ್ ಸಾಕಾಗುತ್ತಿದೆ, ಮತ್ತು ಆ ಉಳಿತಾಯದ ಹೆಚ್ಚಿನ ಪಾಲು ಪೈಪಿನದೇ ಎಂದು ನಾಲ್ಕು ಸಂವೇದಕಗಳ ದಾಖಲೆ ಹೇಳುತ್ತದೆ. ಅವನ್ನು ಇನ್ನೂ ಕಿತ್ತಿಲ್ಲ. ತುದಿಯ ಟೋಪಿಗಳಲ್ಲಿ ಯಾವುದಾದರೂ ಒಂದು ಬಿರುಕು ಬಿಟ್ಟರೆ, ನೆಲಮಾಳಿಗೆಯ ಗೋಡೆಯಲ್ಲಿ ತೇವ ಕಾಣುವ ಮೊದಲೇ ಅವುಗಳ ಅಂಕಿಯಲ್ಲಿ ಗೊತ್ತಾಗುತ್ತದೆ.