ಬಾಗಿಲಲ್ಲಿ ಎಫ್‌ಬಿಐ: ಅಮೆರಿಕದ ಫೆಡರಲ್ ಕೇಸು ಎದುರಿಸುವುದು ಹೇಗೆ?

ಬೆಳಿಗ್ಗೆ ಆರೂವರೆ. ಯಾರೋ ಬಾಗಿಲು ಬಡಿಯುತ್ತಾರೆ. ಹೊರಗೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಏಜೆಂಟರು ನಿಂತಿದ್ದಾರೆ. ಬ್ಯಾಡ್ಜ್ ತೋರಿಸಿ, ತುಂಬಾ ಮರ್ಯಾದೆಯಿಂದ, ‘ಎರಡು ನಿಮಿಷ ಮಾತಾಡಬಹುದಾ’ ಎಂದು ಕೇಳುತ್ತಾರೆ. ನಮ್ಮವರು ಏನು ಮಾಡುತ್ತಾರೆ ಹೇಳಿ? ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ಕೇಳಿದ್ದು ಕೇಳದ್ದು ಎಲ್ಲ ಹೇಳಿಬಿಡುತ್ತಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕೇಳಿ ಬೆಳೆದವರಲ್ವಾ ನಾವು! ಅಮೆರಿಕದ ಫೆಡರಲ್ ಕೇಸಿನಲ್ಲಿ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ ಹೂಡುವ ಕೇಸಿನಲ್ಲಿ, ಈ ಗಾದೆ ತಿರುಗುಮುರುಗಾಗುತ್ತದೆ.

ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಮೆರಿಕದಲ್ಲಿ ಏಜೆಂಟರ ಮುಂದೆ ಆಡಿದ ಮಾತು ನೇರ ಸಾಕ್ಷಿಯಾಗಿ ಬರುತ್ತದೆ. ಅಷ್ಟೇ ಅಲ್ಲ, ಫೆಡರಲ್ ಕಾನೂನಿನ 1001ನೇ ಸೆಕ್ಷನ್ ಪ್ರಕಾರ ತನಿಖೆಯವರಿಗೆ ಬೇಕೆಂದೇ ಸುಳ್ಳು ಹೇಳುವುದೇ ಒಂದು ಅಪರಾಧ. ಪ್ರಮಾಣ ಮಾಡಿರಬೇಕಾಗಿಲ್ಲ, ನಿಮ್ಮ ಸೋಫಾದ ಮೇಲೆ ಕೂತು ಹೇಳಿದರೂ 5 ವರ್ಷದವರೆಗೆ ಜೈಲು. ಟಿವಿ ತಾರೆ ಮಾರ್ಥಾ ಸ್ಟೀವರ್ಟ್ ಕೇಸು ನೆನಪಿರಬಹುದು. ತನಿಖೆ ಶುರುವಾಗಿದ್ದು ಷೇರು ಮಾರಾಟದ ಬಗ್ಗೆ. ಷೇರು ವಂಚನೆಯ ಆರೋಪವನ್ನು ಜಡ್ಜ್ ತೆಗೆದುಹಾಕಿದರು. ಆದರೂ 2004ರಲ್ಲಿ ಆಕೆಗೆ 5 ತಿಂಗಳ ಜೈಲಾಯಿತು. ತನಿಖೆಯವರಿಗೆ ಸುಳ್ಳು ಹೇಳಿದ್ದು, ತನಿಖೆಗೆ ಅಡ್ಡಿ ಮಾಡಿದ್ದು ಸಾಬೀತಾಗಿತ್ತು.

ಹಾಗಾಗಿ ಮೊದಲ ಹೆಜ್ಜೆ ಬಾಗಿಲಲ್ಲೇ. ‘ನನ್ನ ವಕೀಲರು ನಿಮ್ಮ ಜೊತೆ ಮಾತಾಡುತ್ತಾರೆ, ನಿಮ್ಮ ಕಾರ್ಡ್ ಕೊಡಿ’ ಎನ್ನಿ. ಅಷ್ಟು ಸಾಕು. ಸುಮ್ಮನಿರುವುದು ಸಂವಿಧಾನ ಕೊಟ್ಟ ಹಕ್ಕು, ಅದು ಒರಟುತನವಲ್ಲ. ‘ನಿಮಗೆ ಸುಮ್ಮನಿರುವ ಹಕ್ಕಿದೆ’ ಎಂದು ಸಿನಿಮಾದಲ್ಲಿ ಹೇಳುವಂತೆ ಅವರೇ ಹೇಳಲಿ ಎಂದು ಕಾಯಬೇಡಿ. ಅದನ್ನು ಹೇಳಬೇಕಾದದ್ದು ವಶಕ್ಕೆ ತೆಗೆದುಕೊಂಡು ಪ್ರಶ್ನೆ ಕೇಳುವಾಗ ಮಾತ್ರ. ಸರ್ಚ್ ವಾರಂಟ್ ತಂದಿದ್ದರೆ ತಡೆಯಬೇಡಿ, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ವಾರಂಟ್ ಇಲ್ಲದೆ ‘ಒಳಗೆ ನೋಡಬಹುದಾ’ ಎಂದರೆ ‘ಒಪ್ಪಿಗೆ ಇಲ್ಲ’ ಎಂದು ಮೆತ್ತಗೆ ಹೇಳಬಹುದು.

ಅವರು ಹೋದ ಮೇಲೆ ಫೋನ್ ಮುಟ್ಟಬೇಡಿ! ವಾಟ್ಸಾಪ್ ಗುಂಪು ಅಳಿಸುವುದು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವುದು, ‘ಹೀಗೆ ಹೇಳು ಮಾರಾಯ’ ಎಂದು ಗೆಳೆಯನಿಗೆ ಕಲಿಸುವುದು, ಇವೆಲ್ಲ ಹೊಸ ಅಪರಾಧಗಳು. ತನಿಖೆ ತಪ್ಪಿಸಲು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಶಿಕ್ಷೆಯಿದೆ. ಮೂಲ ಕೇಸಿಗಿಂತ ಇದೇ ಭಾರವಾಗಬಹುದು.

ಇನ್ನು ವಕೀಲರು. ಮನೆ ಕೊಳ್ಳುವಾಗ ಕಾಗದ ನೋಡಿದವರು, ಎಚ್‌-1ಬಿ ಕೆಲಸದ ವೀಸಾ ಅರ್ಜಿ ಹಾಕಿಕೊಟ್ಟವರು ಇದಕ್ಕೆ ಆಗುವುದಿಲ್ಲ. ರಾಜ್ಯದ ಕೋರ್ಟು ಬೇರೆ, ಫೆಡರಲ್ ಕೋರ್ಟು ಬೇರೆ. ದೇಶದಲ್ಲಿ ಒಟ್ಟು 94 ಫೆಡರಲ್ ಜಿಲ್ಲೆಗಳಿವೆ, ನಿಮ್ಮ ಜಿಲ್ಲೆಯಲ್ಲೇ ಕೇಸು ನಡೆಸಿದವರು ಬೇಕು. ದುಡ್ಡಿಲ್ಲದವರಿಗೆ ಕೋರ್ಟೇ ಫೆಡರಲ್ ಪಬ್ಲಿಕ್ ಡಿಫೆಂಡರ್ ಅಥವಾ ಬೇರೆ ವಕೀಲರನ್ನು ಕೊಡುತ್ತದೆ. ಬಿಟ್ಟಿ ವಕೀಲರು ಅಂತ ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ. ಅವರಿಗೆ ದಿನಾ ಅದೇ ಕೋರ್ಟು, ಅದೇ ಜಡ್ಜು, ಅದೇ ಕೆಲಸ. ತಾನೇ ವಾದಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ 1975ರಲ್ಲಿ ಎತ್ತಿಹಿಡಿದಿದೆ ನಿಜ. ಹಕ್ಕಿದೆ ಎಂದು ಯಾರೂ ತಮ್ಮ ಹಲ್ಲನ್ನು ತಾವೇ ಕೀಳುವುದಿಲ್ಲ.

ಊರಿನಿಂದ ಅಪ್ಪ ಫೋನ್ ಮಾಡಿ ‘ನಿರೀಕ್ಷಣಾ ಜಾಮೀನು ತಗೊಂಡ್ಯಾ’ ಎಂದು ಕೇಳುತ್ತಾರೆ. ಅಮೆರಿಕದಲ್ಲಿ ಅಂಥದ್ದೇ ಇಲ್ಲ. ಬಂಧನವಾದ ಮೇಲೆ ಮ್ಯಾಜಿಸ್ಟ್ರೇಟ್ ಜಡ್ಜ್ ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಇವರು ಓಡಿಹೋಗುತ್ತಾರಾ? ಹೊರಗಿದ್ದರೆ ಜನಕ್ಕೆ ಅಪಾಯವಾ? ವೀಸಾ ಮೇಲಿರುವವರಿಗೆ ಮೊದಲ ಪ್ರಶ್ನೆಯೇ ಕಷ್ಟ. ಅಪ್ಪ ಅಮ್ಮ, ಮೈಸೂರಿನ ಸೈಟು ಎಲ್ಲವೂ ಭಾರತದಲ್ಲಿದ್ದರೆ ಓಡಿಹೋಗಲು ಕಾರಣ ಇದೆ ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ. ಪಾಸ್‌ಪೋರ್ಟ್ ಒಪ್ಪಿಸುವುದು, ಕಾಲಿಗೆ ಜಿಪಿಎಸ್ ಪಟ್ಟಿ, ಅಮೆರಿಕದಲ್ಲೇ ಇರುವ ಬಂಧುಗಳ ಬಾಂಡ್, ಮಕ್ಕಳ ಶಾಲೆಯ ದಾಖಲೆ, ಇವೆಲ್ಲ ನೆರವಾಗುತ್ತವೆ. ಆಸ್ತಿ ವಿವರ ಕೇಳಿದಾಗ ಆ ಸೈಟನ್ನು ಬಚ್ಚಿಡಬೇಡಿ.

ಜಾಮೀನು ಸಿಗದಿದ್ದರೆ? ಜೈಲಿನ ಫೋನ್ ಕರೆಗಳು ರೆಕಾರ್ಡ್ ಆಗುತ್ತವೆ. ಕನ್ನಡದಲ್ಲಿ ಮಾತಾಡಿದರೆ ಯಾರಿಗೂ ಗೊತ್ತಾಗಲ್ಲ ಎಂದುಕೊಂಡರೆ ಕೆಟ್ಟಿರಿ. ಅನುವಾದ ಮಾಡುವವರು ಅವರಿಗೂ ಸಿಗುತ್ತಾರೆ. ಊಟ, ಆರೋಗ್ಯ, ಮಕ್ಕಳು, ಇಷ್ಟೇ ಮಾತು ಸಾಕು.

ಗಂಭೀರ ಆರೋಪಕ್ಕೆ ಗ್ರ್ಯಾಂಡ್ ಜ್ಯೂರಿಯ, ಅಂದರೆ ಆರೋಪ ಹೊರಿಸಲು ಆಧಾರ ಇದೆಯಾ ಎಂದು ನೋಡುವ ಮಂಡಳಿಯ, ಒಪ್ಪಿಗೆ ಬೇಕು. 16ರಿಂದ 23 ಜನ ಸಾಮಾನ್ಯ ನಾಗರಿಕರು ಇರುತ್ತಾರೆ, ಅದರಲ್ಲಿ 12 ಜನ ಹೂಂ ಎಂದರೆ ಸಾಕು. ನಿಮ್ಮ ವಕೀಲರಿಗೆ ಆ ಕೋಣೆಯೊಳಗೆ ಜಾಗವಿಲ್ಲ. ಆಮೇಲೆ 70 ದಿನದಲ್ಲಿ ವಿಚಾರಣೆ ಶುರುವಾಗಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಲೆಕ್ಕಕ್ಕೆ ಬಾರದ ದಿನಗಳೇ ಜಾಸ್ತಿ. ಈ ಸಮಯದಲ್ಲಿ ಸರ್ಕಾರದ ಬಳಿ ಇರುವ ದಾಖಲೆಗಳನ್ನು ವಕೀಲರು ಕೇಳಿ ಪಡೆಯುತ್ತಾರೆ. ನಿಮಗೆ ಅನುಕೂಲವಾದ ಸಾಕ್ಷ್ಯವನ್ನೂ ಸರ್ಕಾರ ಮುಚ್ಚಿಡುವಂತಿಲ್ಲ, ಇದು ಸುಪ್ರೀಂ ಕೋರ್ಟಿನ 1963ರ ಬ್ರೇಡಿ ತೀರ್ಪು. ಸಾವಿರಾರು ಪುಟ ಬಂದರೂ ನೀವೂ ಕೂತು ಓದಿ. ಯಾವ ಇಮೇಲ್ ಯಾಕೆ ಬರೆದಿರಿ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಈಗ ಎಲ್ಲಕ್ಕಿಂತ ಕಷ್ಟದ ತೀರ್ಮಾನ. ತಪ್ಪೊಪ್ಪಿಕೊಳ್ಳುವುದೋ, ವಿಚಾರಣೆಗೆ ಹೋಗುವುದೋ? 2018ರ ಲೆಕ್ಕದಲ್ಲಿ ಫೆಡರಲ್ ಆರೋಪಿಗಳಲ್ಲಿ ಸುಮಾರು 90 ಶೇಕಡಾ ಜನ ಒಪ್ಪಿಕೊಂಡರು. ವಿಚಾರಣೆವರೆಗೆ ಹೋದವರು ಬರೀ 2 ಶೇಕಡಾ. ಕಾರಣ ಶಿಕ್ಷೆಯ ಲೆಕ್ಕಾಚಾರ. ವಂಚನೆ ಕೇಸಿನಲ್ಲಿ ನಷ್ಟದ ಮೊತ್ತ ಏರಿದಷ್ಟೂ ಶಿಕ್ಷೆ ಏರುತ್ತದೆ, ಒಪ್ಪಿಕೊಂಡವರಿಗೆ ಸ್ವಲ್ಪ ಇಳಿಯುತ್ತದೆ. 1987ರ ನವೆಂಬರ್ ನಂತರದ ಅಪರಾಧಗಳಿಗೆ ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುವ ಪೆರೋಲ್ ಕೂಡ ಇಲ್ಲ. ಹಾಗಂತ ಮಾಡದ ತಪ್ಪನ್ನು ಒಪ್ಪಬೇಕಾಗಿಲ್ಲ. ವಿಚಾರಣೆಯಲ್ಲಿ ತೀರ್ಪು ಹೇಳುವ 12 ಜ್ಯೂರಿಗಳೂ (ಇವರೂ ಸಾಮಾನ್ಯ ನಾಗರಿಕರೇ) ಒಮ್ಮತದಿಂದ ‘ತಪ್ಪಿತಸ್ಥ’ ಎಂದರೆ ಮಾತ್ರ ಶಿಕ್ಷೆ. ನೀವು ಕಟಕಟೆ ಹತ್ತಲೇಬೇಕೆಂದೂ ಇಲ್ಲ.

ಸಿಟಿಜನ್ ಆಗಿಲ್ಲದವರು ಸಹಿ ಹಾಕುವ ಮೊದಲು ಇನ್ನೊಂದು ಕೇಳಿ: ‘ಇದರಿಂದ ಗಡೀಪಾರು ಆಗುತ್ತದಾ?’ ಉತ್ತರ ಕೊಡುವುದು ವಕೀಲರ ಕರ್ತವ್ಯ ಎಂದು ಸುಪ್ರೀಂ ಕೋರ್ಟಿನ 2010ರ ಪಡಿಯಾ ತೀರ್ಪು ಹೇಳುತ್ತದೆ. ವಂಚನೆಯ ನಷ್ಟ 10,000 ಡಾಲರ್ ದಾಟಿದರೆ ಗ್ರೀನ್ ಕಾರ್ಡ್ ಕೂಡ ಉಳಿಯುವುದು ಕಷ್ಟ. ಜೈಲು ಆರು ತಿಂಗಳಿಗೆ ಮುಗಿಯಬಹುದು, ಗಡೀಪಾರು ಮುಗಿಯುವಂಥದ್ದಲ್ಲ.

ಬಂಧನವಾದಾಗ ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳುವ ಹಕ್ಕು ಭಾರತೀಯ ಪ್ರಜೆಗಳಿಗಿದೆ. ಅವರು ಬಿಡಿಸಿಕೊಂಡು ಬರಲಾರರು, ಮನೆಯವರಿಗೆ ಸುದ್ದಿ ಮುಟ್ಟಿಸಿ ಭೇಟಿ ಮಾಡಬಲ್ಲರು.

ತೀರ್ಪಿನ ಮೇಲೆ ಅಪೀಲು ಹಾಕಲು ಇರುವುದು 14 ದಿನ. ಅಪೀಲು ಬೇಕು ಎಂದು ಅದೇ ದಿನ ವಕೀಲರಿಗೆ ಬರೆದು ಕೊಡಿ. ತಪ್ಪೊಪ್ಪಿಗೆ ಒಪ್ಪಂದಗಳಲ್ಲಿ ಅಪೀಲಿನ ಹಕ್ಕು ಬಿಟ್ಟುಕೊಡುವ ಒಂದು ಪ್ಯಾರಾ ಸಾಮಾನ್ಯವಾಗಿ ಕೊನೆಯ ಕಡೆ ಇರುತ್ತದೆ. ಸಹಿಗೆ ಮುಂಚೆ ಅದನ್ನು ಹುಡುಕಿ ಓದಿ.