ವಾಲ್ವ್ ರೇಡಿಯೊಗೆ ಒಂಬತ್ತು ವೋಲ್ಟಿನ ಹತ್ತು ಬ್ಯಾಟರಿ

ಶಿರಸಿ ಸಮೀಪದ ಮನೆಯೊಂದರ ಅಟ್ಟದಿಂದ ನನ್ನ ಕೈಗೆ ಬಂದದ್ದು, ಕರೆಂಟು ತಲುಪದ ಊರುಗಳಲ್ಲಿ ಬಳಕೆಯಲ್ಲಿದ್ದ, ಡ್ರೈ ಬ್ಯಾಟರಿಯಿಂದ ನಡೆಯುವ ರೇಡಿಯೊ ಸೆಟ್ಟು. ಡಿಕೆ96, ಡಿಎಫ್96, ಡಿಎಎಫ್96, ಡಿಎಲ್96 ಎಂಬ ನಾಲ್ಕೂ ವಾಲ್ವುಗಳ (ಟ್ರಾನ್ಸಿಸ್ಟರಿಗೆ ಮೊದಲಿದ್ದ ಗಾಜಿನ ಕೊಳವೆಗಳ) ಫಿಲಮೆಂಟ್, ಅಂದರೆ ಒಳಗೆ ಕಾಯುವ ಸಣ್ಣ ತಂತಿ, ಉಳಿದಿತ್ತು. ಆದರೆ 90 ವೋಲ್ಟನ್ನೂ ಒಂದೂವರೆ ವೋಲ್ಟನ್ನೂ ಒಂದೇ ರಟ್ಟಿನ ಡಬ್ಬಿಯಲ್ಲಿ ಕೊಡುತ್ತಿದ್ದ, ಇಟ್ಟಿಗೆಯಂತೆ ಭಾರವಾದ ಹಳೆಯ ಬ್ಯಾಟರಿ ಅಂಗಡಿಗಳಿಂದ ಮರೆಯಾಗಿ ದಶಕಗಳೇ ಕಳೆದಿವೆ.

ಮೊದಲು ಐದು ವೋಲ್ಟನ್ನು 90ಕ್ಕೆ ಏರಿಸುವ ಸಣ್ಣ ಕನ್ವರ್ಟರ್ ಜೋಡಿಸಿ ನೋಡಿದೆ. ಸೆಟ್ಟು ಮಾತನಾಡಿತಾದರೂ ಮೀಡಿಯಂ ವೇವಿನ ಉದ್ದಕ್ಕೂ ಕನ್ವರ್ಟರಿನದೇ ಕೊರಕೊರ ಸದ್ದು ತುಂಬಿಕೊಂಡು, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅದರಡಿ ಹೂತುಹೋಯಿತು. ಬ್ಯಾಟರಿಯಲ್ಲಿ ಸಿಗುವ ನಿಶ್ಶಬ್ದ ಬೇರೆ ಯಾವುದರಲ್ಲೂ ಸುಲಭಕ್ಕೆ ಸಿಗುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ.

ಗೋಡೆ ಗಡಿಯಾರಕ್ಕಲ್ಲ, ಮಲ್ಟಿಮೀಟರಿಗೆ ಹಾಕುವ ಆಯತಾಕಾರದ ಒಂಬತ್ತು ವೋಲ್ಟಿನ ಬ್ಯಾಟರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದರ ಗುಂಡಿ ಮತ್ತೊಂದರ ಗುಂಡಿಯೊಳಗೆ ಟಿಚ್ ಬಟನ್ನಿನಂತೆ ಕೂರುವುದರಿಂದ ಬೆಸುಗೆಯೇ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಅತಿ ಅಗ್ಗದ ಹತ್ತನ್ನು ತಂದು ಸಾಲಾಗಿ ಸಿಕ್ಕಿಸಿದಾಗ ಮೀಟರು 96 ವೋಲ್ಟ್ ತೋರಿಸಿತು. ಇದು ಕೈಗೆ ಜೋರಾಗಿ ಹೊಡೆಯಬಲ್ಲ ವಿದ್ಯುತ್ತಾದ್ದರಿಂದ ಸಾಲನ್ನು ಪೂರ್ತಿ ಟೇಪಿನಿಂದ ಸುತ್ತಿ ಮರದ ಪೆಟ್ಟಿಗೆಯೊಳಗೆ ಇರಿಸಿದ್ದೇನೆ. ಫಿಲಮೆಂಟಿಗೆ ಎರಡು ದೊಡ್ಡ ಟಾರ್ಚ್ ಸೆಲ್ಲುಗಳು ಸಾಕು. ಅವನ್ನು ಟಾರ್ಚಿನಲ್ಲಿರುವಂತೆ ಒಂದರ ಹಿಂದೆ ಒಂದಾಗಿ ಇಡದೆ ಸಮಾಂತರವಾಗಿ ಜೋಡಿಸಬೇಕು, ಏಕೆಂದರೆ ಬೇಕಿರುವುದು ಒಂದೂವರೆ ವೋಲ್ಟ್ ಮಾತ್ರ.

ಈ ಸೆಟ್ಟುಗಳ ನಿಜವಾದ ಅಪಾಯವಿರುವುದು ಎರಡು ವಿದ್ಯುತ್ತುಗಳ ನಡುವೆ. 90 ವೋಲ್ಟಿನ ತಂತಿ ಒಂದು ಕ್ಷಣ ಫಿಲಮೆಂಟಿಗೆ ತಾಗಿದರೂ ನಾಲ್ಕು ವಾಲ್ವುಗಳೂ ಒಮ್ಮೆಲೇ ಸುಟ್ಟುಹೋಗುತ್ತವೆ. ಮೂರು ವಾಲ್ವುಗಳಿಗೆ ತಲಾ 25, ಡಿಎಲ್96ಕ್ಕೆ 50, ಹೀಗೆ ಫಿಲಮೆಂಟುಗಳ ಒಟ್ಟು ಬಳಕೆ 125 ಮಿಲಿಆಂಪಿಯರ್. ಆದ್ದರಿಂದ 90 ವೋಲ್ಟಿನ ಪ್ಲಸ್ ತಂತಿಯಲ್ಲಿ, ಬ್ಯಾಟರಿಯ ಬುಡದಲ್ಲೇ, 1,000 ಓಮಿನ ಒಂದು ರೆಸಿಸ್ಟರ್ ಹಾಕಿದೆ. ನಾಲ್ಕೂ ವಾಲ್ವುಗಳು ಸಾಕೆಟ್ಟಿನಲ್ಲಿರುವವರೆಗೆ, ಎಂಥ ತಪ್ಪು ಜೋಡಣೆಯಾದರೂ ಅದರ ಮೂಲಕ ನೂರು ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಲಾರದು. ತಪ್ಪು ಹಾಗೆಯೇ ಉಳಿದರೆ ಸುಡುವುದು ರೆಸಿಸ್ಟರೇ ಹೊರತು ವಾಲ್ವಲ್ಲ. ಸುಮಾರು ಹತ್ತು ವೋಲ್ಟ್ ಅದರಲ್ಲಿ ನಷ್ಟವಾಗುತ್ತದೆ, ಆದರೆ 96 ಸರಣಿಯ ವಾಲ್ವುಗಳು 85 ವೋಲ್ಟಿನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಬೇರೆ ಎಲ್ಲವನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಮಾಡಿದ ತಪ್ಪು ಬೇರೆಯದು. ತಂತಿ ಉಳಿಸಲೆಂದು ಎರಡೂ ಬ್ಯಾಟರಿಗಳ ಮೈನಸ್ಸನ್ನು ಪೆಟ್ಟಿಗೆಯಲ್ಲೇ ಒಟ್ಟು ಸೇರಿಸಿದ್ದೆ. ಧ್ವನಿ ಒಡೆದು ಬಂದಿತು, 90 ವೋಲ್ಟಿನ ಕಡೆಯಿಂದ 18 ಮಿಲಿಆಂಪಿಯರ್ ಹರಿಯುತ್ತಿತ್ತು. ಸೆಟ್ಟಿನೊಳಗೆ ಆ ಎರಡು ಮೈನಸ್ಸುಗಳ ನಡುವೆ ಸುಮಾರು 500 ಓಮಿನ ರೆಸಿಸ್ಟರ್ ಇದ್ದು, ಡಿಎಲ್96ರ ಗ್ರಿಡ್ಡಿಗೆ (ವಾಲ್ವಿನೊಳಗಿನ ಹರಿವನ್ನು ಹತೋಟಿಯಲ್ಲಿಡುವ ಜಾಲರಿಗೆ) ಬೇಕಾದ ಐದು ವೋಲ್ಟಿನ ನೆಗೆಟಿವ್ ಬಯಾಸ್, ಅಂದರೆ ಹರಿವನ್ನು ತಗ್ಗಿಸುವ ಮೈನಸ್ ವೋಲ್ಟೇಜು, ಹುಟ್ಟುವುದೇ ಅದರ ಮೇಲೆ ಎಂಬುದು ನಕ್ಷೆಯನ್ನು ಮತ್ತೆ ನೋಡಿದಾಗ ತಿಳಿಯಿತು. ನಾಲ್ಕು ತಂತಿಗಳನ್ನೂ ಬೇರೆಬೇರೆಯಾಗಿಯೇ ಒಯ್ದಾಗ ಬಳಕೆ ಹತ್ತಕ್ಕೆ ಇಳಿಯಿತು. ಡಿಎಎಫ್96ರಿಂದ ಆ ಗ್ರಿಡ್ಡಿಗೆ ಬರುವ ಹಳೆಯ ಕಾಗದದ ಕೆಪಾಸಿಟರನ್ನೂ, 90 ವೋಲ್ಟಿಗೆ ಅಡ್ಡಲಾಗಿದ್ದ, ಸೋರುತ್ತಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನೂ ಅದೇ ವೇಳೆ ಬದಲಿಸಿದೆ. ಬ್ಯಾಟರಿಗಳು ಹಳತಾಗುತ್ತ ಒಳರೋಧ ಏರಿದಾಗ ಸೆಟ್ಟು ಊಳಿಡದಂತೆ ಈ ಎರಡನೆಯದು ತಡೆಯುತ್ತದೆ.

ದಿನಕ್ಕೆ ಒಂದು ಗಂಟೆ ಕೇಳಿದರೆ ಹತ್ತರ ಸಾಲು ಒಂದು ತಿಂಗಳಿಗಿಂತ ತುಸು ಹೆಚ್ಚು ಬಾಳುತ್ತದೆ. 60 ವೋಲ್ಟಿಗೆ ಕುಸಿದರೂ ಧ್ವನಿ ಮೆಲ್ಲಗಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇದ್ದಕ್ಕಿದ್ದಂತೆ ಸ್ಟೇಷನ್ನುಗಳೆಲ್ಲ ಮಾಯವಾದರೆ ನಾನು ಮೊದಲು ಅಳೆಯುವುದು ಟಾರ್ಚ್ ಸೆಲ್ಲುಗಳನ್ನು. ಅವು 1.1 ವೋಲ್ಟಿನ ಆಸುಪಾಸಿಗೆ ಇಳಿದರೆ, ಉಳಿದ ವಾಲ್ವುಗಳು ಇನ್ನೂ ನಡೆಯುತ್ತಿದ್ದರೂ ಡಿಕೆ96, ಸ್ಟೇಷನ್ ಹಿಡಿಯಲು ತಾನು ಹುಟ್ಟಿಸಬೇಕಾದ ಆಂದೋಲನವನ್ನು ನಿಲ್ಲಿಸಿಬಿಡುತ್ತದೆ. ಆಗ ಬದಲಿಸಬೇಕಾದದ್ದು ಆ ಎರಡು ಸೆಲ್ಲುಗಳನ್ನು ಮಾತ್ರ.