ಹೆಸರು ಬೇಡ, ನಿಮಿಷ ಹೇಳಿ: ನಮ್ಮ ಕೇಳ್ಮೆ ಗುಂಪಿನ ಅನುಭವ

ನಮ್ಮ ಗುಂಪಿನಲ್ಲಿ "ಈಗ ಏನು ಕೇಳ್ತಿದ್ದೀರಿ?" ಅಂತ ಕೇಳಿದರೆ ಬರೀ ಗಾಯಕರ ಹೆಸರು ಹೇಳಿ ಸುಮ್ಮನಾಗುವಂತಿಲ್ಲ. ಯಾವ ರಾಗ, ಯಾವ ಧ್ವನಿಮುದ್ರಣ, ಎಷ್ಟನೇ ನಿಮಿಷ, ಅಲ್ಲಿ ಏನಾಯಿತು, ಇಷ್ಟೂ ಹೇಳಬೇಕು. ಸುಮಾರು ಮೂರು ವರ್ಷದಿಂದ ಹೀಗೇ ನಡೆದಿದೆ. ಹತ್ತು ಹನ್ನೆರಡು ಜನ ಇದ್ದೇವೆ, ಎಲ್ಲರೂ ಹಿಂದೂಸ್ತಾನಿ ಸಂಗೀತದ ಹುಚ್ಚಿನವರು. ಶುರುವಿನಲ್ಲಿ ಇದು ನಡೆಯೋದಿಲ್ಲ ಅಂದವರೇ ಜಾಸ್ತಿ. ಈಗ ಬೇರೆ ಊರಿನ ಗೆಳೆಯರು ಹೇಗೆ ಮಾಡಿದಿರಿ ಅಂತ ವಿಚಾರಿಸುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಬೆಳಗಾದರೆ ಐದಾರು ಲಿಂಕ್ ಬರುತ್ತಿದ್ದವು. ಒಬ್ಬರು ಭೀಮಸೇನ ಜೋಶಿ ಕಳಿಸಿದರೆ ಇನ್ನೊಬ್ಬರು ಬಸವರಾಜ ರಾಜಗುರು. ಎಲ್ಲದಕ್ಕೂ ಕೈಮುಗಿದ ಚಿತ್ರ, "ಅದ್ಭುತ" ಅಂತ ಒಂದು ಮಾತು. ಒಂದು ತಾಸಿನ ಕಛೇರಿಗೆ ಎರಡೇ ನಿಮಿಷದಲ್ಲಿ "ಅದ್ಭುತ" ಬಂದರೆ ಯಾರೂ ಕೇಳಿಲ್ಲ ಅಂತಲೇ ಅಲ್ವಾ? ಆಮೇಲೆ ರಾಗ ಗುರುತಿಸುವ ಸ್ಪರ್ಧೆ ಇಟ್ಟೆವು. ಗೊತ್ತಿದ್ದ ಇಬ್ಬರೇ ಪ್ರತಿಸಲ ಉತ್ತರ ಕೊಟ್ಟರು, ಉಳಿದವರು ಬಾಯಿ ಬಿಡಲೇ ಇಲ್ಲ. ಕೆಲವರು ಗುಂಪನ್ನೇ ಬಿಟ್ಟರು. ಅದಾದ ಮೇಲೆ ಕೂತು ಕೇಳುವ ಬೈಠಕ್. ಹಾಲ್ ಬಾಡಿಗೆ, ಸ್ಪೀಕರ್, ಚಹಾ ಎಲ್ಲ ಸೇರಿ ತಿಂಗಳಿಗೆ ಮೂರೂವರೆ ಸಾವಿರದ ಹತ್ತಿರ. ಬರುವವರು ಕಡಿಮೆಯಾಗುತ್ತಾ ಹೋಗಿ ಅದೂ ನಿಂತಿತು. ಅಷ್ಟರಲ್ಲಿ ಹತ್ತಿಪ್ಪತ್ತು ಸಾವಿರ ಕರಗಿತ್ತು, ಅದರಲ್ಲಿ ಜಾಸ್ತಿ ಪಾಲು ನನ್ನದೇ.

ಆಗ ಹೊಳೆದದ್ದು ಇದು. ತಿಂಗಳಿಗೆ ಒಂದೇ ರಾಗ. ವಾರಕ್ಕೆ ಒಬ್ಬರಿಂದ ಒಂದೇ ಧ್ವನಿಮುದ್ರಣ. ಅದರಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ತೋರಿಸುವಂತಿಲ್ಲ, ತೋರಿಸಿದ ಜಾಗದಲ್ಲಿ ಏನು ಕೇಳಬೇಕು ಅಂತ ಎರಡು ಸಾಲು ಬರೆಯಬೇಕು. ಹೊಗಳಿಕೆಯ ಮಾತು ಬೇಡವೇ ಬೇಡ. ಗುಂಪಿನ ಹಿರಿಯರೊಬ್ಬರು, ಧಾರವಾಡದ ಕಡೆಯವರು, ನೇರವಾಗಿ ಹೇಳಿದರು: "ತಮ್ಮಾ, ಒಂದ ರಾಗ ಹಿಡಕೊಂಡು ತಿಂಗಳಗಟ್ಟಲೆ ಕೂತ್ರ ಯಾರೂ ಉಳಿಯಂಗಿಲ್ಲ ನೋಡು." ಸಂಗೀತ ಕಲಿಸುವ ಇನ್ನೊಬ್ಬರು, ತುಂಡು ಮಾಡಿ ಕೇಳಿದರೆ ರಾಗವೇ ಸಾಯುತ್ತದೆ ಅಂದರು.

ಮೊದಲಿಗೆ ಬೇಕಂತಲೇ ಮಾರವಾ ರಾಗ ಆರಿಸಿದೆ. ಅದರಲ್ಲಿ ಪಂಚಮ (ಪ) ಇಲ್ಲ, ಷಡ್ಜಕ್ಕೂ (ಸ) ಸುಲಭವಾಗಿ ಬರುವುದಿಲ್ಲ. ಹೊಸಬರಿಗೆ ಕೊಡುವ ರಾಗವಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕ ಬೇರೆ ಇತ್ತು. ಕಷ್ಟದ ರಾಗದಲ್ಲಿ ತೋರಿಸಲು ಒಂದು ಖಚಿತ ಜಾಗ ಸಿಗುತ್ತದೆ. ಹಿಂದೂಸ್ತಾನಿ ಗಾಯಕ ಅಮೀರ್ ಖಾನರ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ನಮ್ಮಲ್ಲಿ ಎಲ್ಲರಿಗೂ ಗೊತ್ತು, ಒಂದು ಬದಿಗೆ ಮಾರವಾ, ಇನ್ನೊಂದು ಬದಿಗೆ ದರ್ಬಾರಿ ರಾಗ. ಮಾರವಾದಲ್ಲಿ ಒಂದು ಚಿಕ್ಕ ಭಾಗ ಗುರುತು ಮಾಡಿ ಬರೆದೆ: "ರಿಷಭದ (ರಿ) ಮೇಲೆ ನಿಂತಿದ್ದಾರೆ. ಧೈವತಕ್ಕೆ (ಧ) ಹೋಗಿ ಮತ್ತೆ ರಿಷಭಕ್ಕೇ ಬರುತ್ತಾರೆ. ಷಡ್ಜ ಬಂದ ಕೂಡಲೇ ನಿಲ್ಲಿಸಿ. ಅಲ್ಲಿಯವರೆಗೆ ನಿಮ್ಮ ಉಸಿರು ಹೇಗಿತ್ತು ಹೇಳಿ." ಆ ರಾತ್ರಿ ಬಂದ ಉತ್ತರಗಳಲ್ಲಿ ಒಂದರಲ್ಲೂ "ಅದ್ಭುತ" ಇರಲಿಲ್ಲ. ಒಬ್ಬರು, ಷಡ್ಜ ಬಂದಾಗ ಹೆಗಲು ಕೆಳಗಿಳಿಯಿತು ಅಂದರು. ಇನ್ನೊಬ್ಬರು ಪೂರ್ತಿ ಬದಿಯನ್ನು ಎರಡು ಸಲ ಕೇಳಿದ್ದರು. ತುಂಡು ತೋರಿಸಿದರೆ ಇಡೀ ಹಾಡಿಗೆ ಹೋಗುತ್ತಾರೆ, ಇಡೀ ಹಾಡು ಕಳಿಸಿದರೆ ತುಂಡನ್ನೂ ಕೇಳುವುದಿಲ್ಲ. ಮುಂದಿನ ತಿಂಗಳು ಪೂರಿಯಾ, ಅದರ ಮುಂದಿನ ತಿಂಗಳು ಸೋಹನಿ. ಮೂರು ರಾಗಕ್ಕೂ ಸ್ವರಗಳು ಅವೇ. ಗಾಂಧಾರ (ಗ), ನಿಷಾದಕ್ಕೆ (ನಿ) ತೂಕ ಬಂದ ಕೂಡಲೇ ಪೂರಿಯಾ ಅಂತ ಜನ ತಾವೇ ಹೇಳತೊಡಗಿದರು. ನಾನು ಪಾಠ ಮಾಡಿರಲಿಲ್ಲ.

ತೊಂದರೆ ಬಂದದ್ದು ನಿಮಿಷದಲ್ಲೇ. ನನ್ನ ಪ್ರತಿಯಲ್ಲಿ 11ನೇ ನಿಮಿಷಕ್ಕೆ ಇದ್ದದ್ದು ಇನ್ನೊಬ್ಬರ ಪ್ರತಿಯಲ್ಲಿ 12 ದಾಟಿರುತ್ತಿತ್ತು. ರೇಡಿಯೊದಿಂದ ಹಿಡಿದವುಗಳಲ್ಲಿ ಉದ್ಘೋಷಕರ ಮಾತು, ತಂಬೂರಿ ಶ್ರುತಿ ಎಲ್ಲ ಸೇರಿರುತ್ತದೆ. ಹಾಡುವವರ ಮೊದಲ ಷಡ್ಜದಿಂದ ಎಣಿಕೆ ಅಂತ ನಿಯಮ ಮಾಡಿದೆವು. ಆದರೂ ಕ್ಯಾಸೆಟ್ಟುಗಳು ಹೊಂದಲಿಲ್ಲ.

ನನ್ನ ಹತ್ತಿರ ಆಕಾಶವಾಣಿಯ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಹಿಡಿದಿಟ್ಟ ಕ್ಯಾಸೆಟ್ಟುಗಳು ಒಂದು ಟ್ರಂಕಿನಷ್ಟಿವೆ. ಅವನ್ನು ಹಾಕುವ ಹಳೆಯ ಕ್ಯಾಸೆಟ್ ಡೆಕ್‌ನ ಬೆಲ್ಟ್ ಸಡಿಲಾಗಿ ಟೇಪು ನಿಧಾನ ಓಡುತ್ತಿತ್ತು. ನೂರಕ್ಕೆ ಆರರಷ್ಟು ನಿಧಾನವಾದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿಳಿಯುತ್ತದೆ. ಅಷ್ಟೇ ಅಲ್ಲ, ಅರ್ಧ ತಾಸಿಗೆ ಹತ್ತಿರ ಹತ್ತಿರ ಎರಡು ನಿಮಿಷ ಹಿಂದೆ ಬೀಳುತ್ತದೆ. ಹಾಗಿದ್ದ ಮೇಲೆ ನಿಮಿಷ ಹೊಂದುವುದಾದರೂ ಹೇಗೆ? ಡೆಕ್ ರಿಪೇರಿಗೆ ಕೊಟ್ಟೆ. ಎರಡೂವರೆ ಸಾವಿರ ತೆಗೆದುಕೊಂಡು ಹಾಗೇ ವಾಪಸ್ ಕೊಟ್ಟರು. ಸೆಕೆಂಡ್ ಹ್ಯಾಂಡ್ ಡೆಕ್ ಒಂದಕ್ಕೆ ಒಂಬತ್ತು ಸಾವಿರ ಹೋಯಿತು, ಟೇಪನ್ನು ಓದುವ ಅದರ ಹೆಡ್ ಸವೆದಿತ್ತು. ಕೊನೆಗೆ ಬೆಲ್ಟ್ ತರಿಸಿ ನಾನೇ ಹಾಕಿದೆ. ಮುನ್ನೂರು ರೂಪಾಯಿಯೂ ಆಗಲಿಲ್ಲ.

ಹೆಡ್ ಕೋನ ಸರಿಮಾಡುವುದಕ್ಕೆ ಟೆಸ್ಟ್ ಟೇಪ್ ಬೇಕು ಅನ್ನುತ್ತಾರೆ. ನನಗೆ ತಂಬೂರಿಯೇ ಸಾಕಾಯಿತು. ಹಾಡು ಶುರುವಾಗುವ ಮುಂಚೆ ಬರೀ ತಂಬೂರಿ ಇರುವ ಜಾಗ ಹಾಕಿ, ಚಿಕ್ಕ ಸ್ಕ್ರೂಡ್ರೈವರ್‌ನಿಂದ ಹೆಡ್‌ನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಮಂಕಾಗಿದ್ದ ತಂತಿಯಲ್ಲಿ ಒಮ್ಮೆಲೇ ಜವಾರಿ, ಅಂದರೆ ತಂತಿಯ ಝೇಂಕಾರ, ಮಿನುಗುತ್ತದೆ. ಅಲ್ಲೇ ನಿಲ್ಲಿಸಬೇಕು, ಸ್ವಲ್ಪ ದಾಟಿದರೂ ಮತ್ತೆ ಮಂಕು. ಪ್ರತಿ ಕ್ಯಾಸೆಟ್ಟಿಗೂ ಇದು ಬೇರೆ. ಟೇಪಿನ ವೇಗ ಎಷ್ಟಿರಬೇಕು ಅಂತ ಪಕ್ಕಾ ಕಂಡುಹಿಡಿಯಲು ನನ್ನದೊಂದು ಉಪಾಯ ಇದೆ. ಗಾಯಕರ ಶ್ರುತಿ ನೋಡಿ ಅಲ್ಲ, ಅದು ಕಛೇರಿಯಿಂದ ಕಛೇರಿಗೆ ಬದಲಾಗುತ್ತದೆ. ಉಪಾಯ ಏನು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು, ಇಡೀ ತಿಂಗಳು ಬರೀ 78ರ ಹಳೆಯ ಗ್ರಾಮಫೋನ್ ತಟ್ಟೆಗಳು. ಬದಿಗೆ ಮೂರು ನಿಮಿಷ ಚಿಲ್ಲರೆ, ನಮ್ಮ ನಿಯಮಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದಲ್ಲಿ ಇಡೀ ಮೂರು ನಿಮಿಷವೇ ತೋರಿಸುವ ಜಾಗ. ಆದರೆ ತಟ್ಟೆಗಳಲ್ಲಿ ರಾಗದ ವಿಸ್ತಾರ ಇಲ್ಲ, ಹಾಗಾಗಿ ಎರಡನೇ ವಾರಕ್ಕೇ ಬರೆಯಲು ಏನೂ ಉಳಿಯಲಿಲ್ಲ. ಭೂಪ್ ಮತ್ತು ದೇಶಕಾರ್ ರಾಗಗಳನ್ನು ಬೆನ್ನುಬೆನ್ನಿಗೆ ಹಾಕಿದ್ದು ಮಾತ್ರ ಚೆನ್ನಾಗಿ ಫಲಿಸಿತು. ಎರಡಕ್ಕೂ ಅವೇ ಐದು ಸ್ವರ. ಗಾಯಕಿ ಕಿಶೋರಿ ಅಮೋಣಕರರ ಭೂಪ್‌ನಲ್ಲಿ ಗಾಂಧಾರದ ಮೇಲೆ ಕಿವಿ ಇಡಿ, ಆಮೇಲೆ ದೇಶಕಾರ್‌ನಲ್ಲಿ ಧೈವತದ ಮೇಲೆ. ಅಷ್ಟೇ ಹೇಳಿದ್ದು. ಸ್ಪರ್ಧೆಯ ದಿನಗಳಲ್ಲಿ ಬಾಯಿ ಬಿಡದಿದ್ದವರೇ ಈಗ ಒಂದೆರಡು ನಿಮಿಷದಲ್ಲಿ ಎರಡನ್ನೂ ಬೇರೆ ಮಾಡುತ್ತಾರೆ.

ತಿಂಗಳಿಗೆ ಯಾವ ರಾಗ ಅನ್ನುವ ಕ್ರಮವೇ ಇದರ ಜೀವ. ಅದನ್ನು ನಾನು ಬರೆದಿಟ್ಟುಕೊಂಡಿದ್ದೇನೆ, ಗುಂಪಿಗೂ ಮುಂಚೆ ಹೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಅಪರೂಪದ ರಾಗಗಳಿಗೆ ಎರಡು ವರ್ಷ ಕೈ ಹಾಕಲಿಲ್ಲ. ಬಿಹಾಗ್ ರಾಗ ಪಕ್ಕಾ ಆದ ಮೇಲೆ ಅವರ ನಟ ಬಿಹಾಗ್ ಕೊಟ್ಟೆ, ಅದರಲ್ಲಿ ಎಲ್ಲಿ ನಟ ರಾಗ ಬರುತ್ತದೆ ಅಂತ ನಿಮಿಷ, ಸೆಕೆಂಡು ಸಮೇತ ಏಳೆಂಟು ಜನ ಬರೆದರು. ಯಾರೂ ಉಳಿಯಂಗಿಲ್ಲ ಅಂದಿದ್ದ ಹಿರಿಯರೇ ಮೊದಲು ಬರೆದದ್ದು. ಈಗ ಗುಂಪಿನ ಖರ್ಚು ಸೊನ್ನೆ. ಈ ತಿಂಗಳು ಜೌನಪುರಿ ರಾಗ ನಡೆದಿದೆ. ಮೊನ್ನೆ ಆ ಹಿರಿಯರದೇ ಸಾಲು ಬಂತು: "ಗಂಗೂಬಾಯಿ ಹಾನಗಲ್, 4ನೇ ನಿಮಿಷ, ಧೈವತ ನೋಡು ತಮ್ಮಾ."